ಹಸಿಯ ಆಹಾರ, ತಣಿಯದ ಹಸಿವು

1893ರ ಆಗಸ್ಟ್ ತಿಂಗಳಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬದ ತರುಣ ವಕೀಲರಾಗಿದ್ದ ಮೋಹನದಾಸ ಗಾಂಧಿಯವರು ಅಗ್ನಿಸ್ಪರ್ಶವಿಲ್ಲದ ಆಹಾರದಿಂದಲೇ ದೇಹಯಾತ್ರೆಯನ್ನು ನಡೆಸಬಹುದೇ ಎಂಬುದನ್ನು ತಮ್ಮ ಮೇಲೆಯೇ ಪರೀಕ್ಷಿಸತೊಡಗಿ, ರಾತ್ರಿಯೆಲ್ಲ ನೆನೆಯಿಟ್ಟ ಗೋಧಿ, ಬಟಾಣಿ, ಅಕ್ಕಿಗಳನ್ನು ಒಣದ್ರಾಕ್ಷಿ ಕಿತ್ತಳೆಗಳೊಡನೆ ಸೇವಿಸುತ್ತ, ತಮ್ಮ ಅನುಭವವನ್ನು ದಿನಚರಿಯಲ್ಲಿ ಬರೆದಿಟ್ಟರು. ಮೊದಲ ದಿನದ ಬೆಳಗಿನ ಆಹಾರವನ್ನು ಅಗಿದು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆದರೂ ಸಂಜೆಗೆ ಹಸಿವು ಮರಳಿತು, ಮತ್ತಷ್ಟು ಬಟಾಣಿ ತಿನ್ನಬೇಕಾಯಿತು, ಅದರಿಂದ ನಿದ್ರೆಯೂ ಕೆಟ್ಟಿತು. ಮರುವರ್ಷ ಲಂಡನ್ನಿನ ‘ವೆಜಿಟೇರಿಯನ್’ ಪತ್ರಿಕೆಯಲ್ಲಿ ಪ್ರಕಟವಾದ ಆ ದಿನಚರಿಯನ್ನು ಓದುವಾಗ, ಮುಂದೆ ಜಗತ್ತಿಗೇ ಸಂಯಮದ ಪ್ರತೀಕವಾಗಲಿದ್ದ ಪುರುಷನನ್ನೂ ಕಾಡಿದ ಈ ಹಸಿವನ್ನು ಜಿಹ್ವಾಚಾಪಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಏಕೆಂದರೆ, ಇಂದು ಹಸಿಯ ಆಹಾರವನ್ನೇ ವ್ರತದಂತೆ ಕೈಗೊಂಡವರಲ್ಲಿ ಅನೇಕರ ಸಂಕಟವು ಇದೇ ಆಗಿದೆ. ಹಗಲೆಲ್ಲ ಸೌತೆ, ಟೊಮ್ಯಾಟೊ, ಸೊಪ್ಪು, ಹಣ್ಣುಗಳನ್ನು ಹೊಟ್ಟೆ ಬಿರಿಯುವಂತೆ ತಿಂದವರು, ರಾತ್ರಿಯ ಹೊತ್ತಿಗೆ ತಡೆಯಲಾರದೆ ಖರ್ಜೂರವನ್ನೂ ಗೋಡಂಬಿಯನ್ನೂ ಹಿಡಿಹಿಡಿಯಾಗಿ ಮುಗಿಸಿ, ಬಳಿಕ ತಮ್ಮ ಮನೋದೌರ್ಬಲ್ಯವನ್ನು ತಾವೇ ಹಳಿದುಕೊಂಡು, ಪ್ರಾಯಶ್ಚಿತ್ತವೆಂಬಂತೆ ಮರುದಿನ ಇನ್ನಷ್ಟು ಕಡಿಮೆ ತಿನ್ನುತ್ತಾರೆ. ಅದರ ಫಲವಾಗಿ ಮರುರಾತ್ರಿಯ ಆಕ್ರಮಣವು ಇನ್ನಷ್ಟು ಪ್ರಬಲವಾಗುತ್ತದೆ. ಇಲ್ಲಿ ಸೋತದ್ದು ಮನಸ್ಸಲ್ಲ. ಶರೀರವು ತನಗೆ ಬರಬೇಕಾದ ಬಾಕಿಯನ್ನು ಲೆಕ್ಕವಿಟ್ಟು ವಸೂಲು ಮಾಡುತ್ತಿದೆ.

ಆ ಲೆಕ್ಕವನ್ನು ನೋಡೋಣ. ವಯಸ್ಕನೊಬ್ಬನಿಗೆ ದಿನಕ್ಕೆ ಸುಮಾರು 2000 ಕಿಲೊಕ್ಯಾಲರಿ ಬೇಕೆಂದಿಟ್ಟುಕೊಂಡರೆ, ಅದನ್ನು ನೂರು ಗ್ರಾಮಿಗೆ 15 ಕಿಲೊಕ್ಯಾಲರಿ ಕೊಡತಕ್ಕ ಸೌತೆಕಾಯಿಯೊಂದರಿಂದಲೇ ಪಡೆಯಲು 13 ಕಿಲೊಗ್ರಾಮಿಗೂ ಮಿಕ್ಕಿ ತಿನ್ನಬೇಕು, ಸೇಬಾದರೆ ನಾಲ್ಕು ಕಿಲೊಗ್ರಾಮಿಗೆ ಸ್ವಲ್ಪ ಕಡಿಮೆ, ಬಾಳೆಹಣ್ಣಾದರೆ ಎರಡೂಕಾಲು, ಬಾದಾಮಿಯಾದರೆ, ಪೋಷಕಾಂಶ ಕೋಷ್ಟಕದ ಲೆಕ್ಕದಲ್ಲಿ, ಕೇವಲ 350 ಗ್ರಾಂ. ಆದರೆ ಮನುಷ್ಯನು ಕ್ಯಾಲರಿಯನ್ನಳೆದು ಉಣ್ಣುವುದಿಲ್ಲ. ಆತನು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಒಂದೇ ತೂಕದ ಆಹಾರವನ್ನು ತಿನ್ನುವನೆಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದ ಬಾರ್ಬರಾ ರೋಲ್ಸ್ ಅವರ ಪ್ರಯೋಗಗಳು ತೋರಿಸಿವೆ. ಜಠರದ ಭಿತ್ತಿಯಲ್ಲಿರುವ ನರತಂತುಗಳು ಅದು ಎಷ್ಟು ಹಿಗ್ಗಿತೆಂಬುದನ್ನು ವೇಗಸ್ ನರದ ಮೂಲಕ ಮೆದುಳಿಗೆ ತಿಳಿಸುತ್ತವೆಯೇ ಹೊರತು, ಹಿಗ್ಗಿಸಿದ ಪದಾರ್ಥದಲ್ಲಿ ಸತ್ತ್ವವೆಷ್ಟೆಂಬುದನ್ನಲ್ಲ. ಸತ್ತ್ವವನ್ನು ಅರಿಯತಕ್ಕದ್ದು ಮುಂದಿನ ಕರುಳು. ಕೊಬ್ಬು, ಸಸಾರಜನಕ, ಶರ್ಕರಗಳು ತನ್ನನ್ನು ಮುಟ್ಟಿದಾಗ ಅದು ಸ್ರವಿಸುವ ಹಾರ್ಮೋನುಗಳು ತೃಪ್ತಿಯನ್ನು ಸ್ಥಿರಗೊಳಿಸುತ್ತವೆ. ಸುಂಕದ ಕಟ್ಟೆಯಲ್ಲಿ ಮೊದಲನೆಯವನು ಮೂಟೆಗಳನ್ನು ಎಣಿಸಿ ಕಳುಹಿಸಿದರೆ ಎರಡನೆಯವನು ಅವುಗಳನ್ನು ಬಿಚ್ಚಿ ನೋಡುವಂತೆ ಈ ವ್ಯವಸ್ಥೆ. ಎಲೆಕಾಯಿಗಳಿಂದ ತುಂಬಿದ ಹೊಟ್ಟೆಯು ಮೊದಲನೆಯವನನ್ನು ದಾಟಿ ಎರಡನೆಯವನಲ್ಲಿ ಸಿಕ್ಕಿಬೀಳುತ್ತದೆ. ಹೊಟ್ಟೆ ತುಂಬಿಯೂ ಹಸಿವಡಗದ ವಿಚಿತ್ರಾವಸ್ಥೆಯ ಮೂಲವು ಇದೇ.

ಇದಕ್ಕಿಂತಲೂ ಗಹನವಾದ ಇನ್ನೊಂದು ಕಾರಣವು ಬೆಂಕಿಗೆ ಸಂಬಂಧಿಸಿದುದು. ಧಾನ್ಯ ಗೆಡ್ಡೆಗಳಲ್ಲಿರುವ ಪಿಷ್ಟವು ಬಿಗಿಯಾಗಿ ಹೆಣೆದ ಸ್ಫಟಿಕಸದೃಶ ಕಣಗಳ ರೂಪದಲ್ಲಿರುತ್ತದೆ. ನೀರಿನೊಡನೆ ಕಾಯಿಸಿದಾಗ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಆ ಕಣಗಳು ಉಬ್ಬಿ, ಹೆಣಿಗೆ ಸಡಿಲಿ, ನಮ್ಮ ಜೊಲ್ಲಿನ ಹಾಗೂ ಮೇದೋಜೀರಕಾಂಗದ ಕಿಣ್ವಗಳಿಗೆ ಸುಲಭವಾಗಿ ವಶವಾಗುತ್ತವೆ. ಬೇಯದ ಪಿಷ್ಟದಲ್ಲಿ ಗಣನೀಯ ಭಾಗವು ಜೀರ್ಣವಾಗದೆಯೇ ದೊಡ್ಡ ಕರುಳನ್ನು ಸೇರಿ, ಅಲ್ಲಿನ ಬ್ಯಾಕ್ಟೀರಿಯಗಳ ಪಾಲಾಗಿ, ನಮಗೆ ವಾಯುವನ್ನೂ ಅಲ್ಪ ಶಕ್ತಿಯನ್ನೂ ಉಳಿಸುತ್ತದೆ. ಸಸಾರಜನಕದ ಸ್ಥಿತಿಯೂ ಬೇರೆಯಲ್ಲ: ಬೆಲ್ಜಿಯಮಿನ ಸಂಶೋಧಕರು 1998ರಲ್ಲಿ ಅಳೆದು ಕಂಡಂತೆ, ಬೆಂದ ಮೊಟ್ಟೆಯ ಸಸಾರಜನಕದಲ್ಲಿ ಶೇಕಡ 91ರಷ್ಟು ಸಣ್ಣ ಕರುಳಿನಲ್ಲಿ ಜೀರ್ಣವಾದರೆ, ಹಸಿಯ ಮೊಟ್ಟೆಯದರಲ್ಲಿ ಸುಮಾರು 51 ಮಾತ್ರ. ಅಡುಗೆಯೇ ಮಾನವನನ್ನು ಮಾನವನನ್ನಾಗಿಸಿತೆಂದು ವಾದಿಸಿದ ಹಾರ್ವರ್ಡಿನ ರಿಚರ್ಡ್ ರ‍್ಯಾಂಗಮ್ ಅವರ ಸಿದ್ಧಾಂತವನ್ನು ಸಂಪೂರ್ಣವಾಗಿ ಒಪ್ಪದವರಿಗೂ, ಅಡುಗೆಯು ಒಂದರ್ಥದಲ್ಲಿ ದೇಹದ ಹೊರಗೆ ನಡೆಯುವ ಪಚನಕ್ರಿಯೆಯೆಂಬುದನ್ನು ಅಲ್ಲಗಳೆಯುವುದು ಕಷ್ಟ. ಆದುದರಿಂದ ತಟ್ಟೆಯಲ್ಲಿ ಕಂಡಷ್ಟು ಶಕ್ತಿಯು ರಕ್ತಕ್ಕೆ ಸೇರುವುದಿಲ್ಲ. ಹಸಿಯ ಆಹಾರದವನು ತಾನೆಣಿಸಿದುದಕ್ಕಿಂತ ಕಡಿಮೆ ಉಂಡಿರುತ್ತಾನೆ.

ಇಂತಹ ಕೊರತೆಯು ವಾರ ತಿಂಗಳುಗಳ ಕಾಲ ಬೆಳೆದರೆ, ಕೊಬ್ಬಿನ ಕೋಶಗಳು ಸ್ರವಿಸುವ, 1994ರಲ್ಲಿ ಕಂಡುಹಿಡಿಯಲ್ಪಟ್ಟ ಲೆಪ್ಟಿನ್ ಎಂಬ ಹಾರ್ಮೋನು ರಕ್ತದಲ್ಲಿ ಇಳಿದು, ಮೆದುಳು ಅದನ್ನು ಕ್ಷಾಮದ ಸೂಚನೆಯೆಂದೇ ಗ್ರಹಿಸುತ್ತದೆ. ಕ್ಷಾಮಾನಂತರದ ಕ್ಷುಧೆಯು ಎಷ್ಟು ಘೋರವೆಂಬುದನ್ನು 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಿಂದ ತಿಳಿಯುತ್ತೇವೆ: ಸ್ವಇಚ್ಛೆಯಿಂದ ಅರೆಹೊಟ್ಟೆಯಲ್ಲಿದ್ದು ತಮ್ಮ ತೂಕದ ಸುಮಾರು ನಾಲ್ಕನೆಯ ಒಂದು ಭಾಗವನ್ನು ಕಳೆದುಕೊಂಡ 36 ಮಂದಿ ಆರೋಗ್ಯವಂತ ತರುಣರಲ್ಲಿ ಹಲವರು, ಮತ್ತೆ ಯಥೇಚ್ಛವಾಗಿ ಊಟ ದೊರೆತಾಗ ಉಂಡೂ ಉಂಡೂ, ಹೊಟ್ಟೆ ಇನ್ನು ಹಿಡಿಯದೆಂಬ ಸ್ಥಿತಿಯಲ್ಲಿಯೂ ಹಸಿವಿನಿಂದ ನರಳಿದರು. ಅವರಿಗೆ ಮೊದಲು ಹೀಗೆ ಮಿತಿಮೀರಿ ಉಣ್ಣುವ ಅಭ್ಯಾಸವಾವುದೂ ಇರಲಿಲ್ಲ.

ರಾತ್ರಿಯ ಕೈ ಖರ್ಜೂರ ಗೋಡಂಬಿಗಳ ಕಡೆಗೇ ಚಾಚುವುದೇಕೆಂಬುದು ಈಗ ಸ್ಪಷ್ಟ: ಹಸಿಯ ಆಹಾರದ ಪರಿಮಿತ ಭಂಡಾರದಲ್ಲಿ ಸಾಂದ್ರವಾದ ಶಕ್ತಿಯಿರುವುದು ಅಂತಹವುಗಳಲ್ಲಿಯೇ. ಇವನ್ನು ಅರೆದು ಉಂಡೆ ಕಟ್ಟಿದರೆ, ಹಣ್ಣುಗಳನ್ನು ಮಿಕ್ಸಿಯಲ್ಲಿ ರುಬ್ಬಿ ಕುಡಿದರೆ, ಅಗಿಯುವ ಶ್ರಮವೂ ಅದರೊಡನೆ ಬರುವ ತಡೆಯೂ ಇಲ್ಲದೆ ಪ್ರಮಾಣವು ಸುಲಭವಾಗಿ ಮೀರುತ್ತದೆ. ಇಡಿಯ ಬಾದಾಮಿಯಲ್ಲಿ ಕೋಶಭಿತ್ತಿಗಳು ಕೊಬ್ಬನ್ನು ಬಂಧಿಸಿಟ್ಟಿರುವುದರಿಂದ, 28 ಗ್ರಾಮಿಗೆ ಕೋಷ್ಟಕಗಳು ಹೇಳುವ ಸುಮಾರು 170ರ ಬದಲು 129 ಕಿಲೊಕ್ಯಾಲರಿ ಮಾತ್ರ ದೇಹಕ್ಕೆ ದಕ್ಕಿತೆಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು. ನುಣ್ಣಗೆ ಅರೆದ ಬಾದಾಮಿಯಲ್ಲಿ ಆ ರಕ್ಷಣೆಯು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಹಸಿಯ ಹಣ್ಣು ತರಕಾರಿಗಳ ಹಿರಿಮೆಯನ್ನು ನಾನು ಕಿರಿದುಮಾಡುತ್ತಿಲ್ಲ. ಕೋಸಂಬರಿಯನ್ನು ಬಲ್ಲ ನಾಡಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ನಾನು ಶಂಕಿಸುವುದು ಬೇಯಿಸಿದ ಎಲ್ಲವನ್ನೂ ವರ್ಜಿಸುವ ನಿಯಮವನ್ನು. ಜರ್ಮನಿಯ ಗೀಸೆನ್ ನಗರದ ಸಂಶೋಧಕರು ದೀರ್ಘಕಾಲ ಹಸಿಯ ಆಹಾರದಲ್ಲಿದ್ದ 513 ಮಂದಿಯನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, ಸ್ತ್ರೀಯರು ಸರಾಸರಿ 12 ಕಿಲೊಗ್ರಾಂ ಇಳಿದಿದ್ದರು. ಅವರಲ್ಲಿ ನಾಲ್ಕರಲ್ಲೊಂದು ಪಾಲು ಸಾಮಾನ್ಯಕ್ಕಿಂತ ಕಡಿಮೆ ತೂಕದವರಾಗಿದ್ದರು. 45 ವರ್ಷದೊಳಗಿನವರಲ್ಲಿ ಸುಮಾರು ಶೇಕಡ 30ರಷ್ಟು ಮಂದಿಗೆ ಮುಟ್ಟು ಭಾಗಶಃ ಅಥವಾ ಪೂರ್ಣವಾಗಿ ನಿಂತಿತ್ತು. ಇಂತಹ ಲಕ್ಷಣವನ್ನು ಕಂಡ ಯಾವ ಹೆಣ್ಣುಮಗಳೂ ರಾತ್ರಿಯ ಹಸಿವಿನೊಡನೆ ಹೋರಾಡುತ್ತ ಕೂರದೆ, ವೈದ್ಯರನ್ನು ಕಾಣಬೇಕು. ಹಗಲಿನ ಊಟಕ್ಕೆ ಅನ್ನವನ್ನೋ ಬೆಂದ ಗೆಣಸನ್ನೋ ಬೇಳೆಯನ್ನೋ ಸೇರಿಸಿ, ಸಂಜೆಗೆ ಮೊದಲೇ ಆ ಬಾಕಿಯನ್ನು ಸಲ್ಲಿಸಬೇಕು.