ರಚ್ಚೆ ಹಿಡಿದ ಕೂಸು

ಔರಾದ ಸೀಮೆಯಿಂದ ಬೀದರ ನಗರದ ಮದುವೆಯ ಮನೆಗೆ ಬಂದಿದ್ದ ಎರಡೂವರೆ ವರುಷದ ಕೂಸೊಂದು ಇರುಳಿನಲ್ಲಿ ನೆಲಕ್ಕೆ ಬಿದ್ದು ಕೈಕಾಲು ಬಡಿಯುತ್ತಿದ್ದುದನ್ನು ನಾವು ಕಂಡೆವು. ಒಂದೇಟು ಹಾಕಿರೆಂದು ಒಬ್ಬರೆಂದರು. ಬಾಯಿಗೆ ಸಕ್ಕರೆ ಹಾಕಲು ಮತ್ತೊಬ್ಬರು ಓಡಿ ಬಂದರು. ನೆಂಟರೆದುರಿಗೆ ನಾಚಿದ ತಾಯಿ ಕೈಯೆತ್ತಿದಳು. ಆ ಕೈ ಎದ್ದುದು ಕೂಸಿನ ತಪ್ಪಿಗಾಗಿಯೋ, ನೆರೆದವರ ನೋಟಕ್ಕಾಗಿಯೋ? ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಎರಡನೆಯದೇ ನಿಜವೆಂದು ನಾವು ಭಾವಿಸುತ್ತೇವೆ.

ಇಟಲಿಯ ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಭಾರತಕ್ಕೆ ಬಂದು ಯುದ್ಧಕಾಲವನ್ನೆಲ್ಲ ಇಲ್ಲಿಯೇ ಕಳೆದ ಶಿಕ್ಷಣತಜ್ಞೆ. ಅವರು ಬರೆದಿಟ್ಟಿರುವ ಸಂಗತಿಯೊಂದುಂಟು. ತಾಯಿಯೊಬ್ಬಳು ಸೆಕೆಯೆಂದು ಕೋಟನ್ನು ಕಳಚಿ ತೋಳಿನ ಮೇಲೆ ಹಾಕಿಕೊಂಡಳು. ಕೂಸು ಅಳತೊಡಗಿತು, ಎತ್ತಿಕೊಂಡರೂ ನಿಲ್ಲಲಿಲ್ಲ. ಕೋಟನ್ನು ಮರಳಿ ತೊಟ್ಟೊಡನೆ ಶಾಂತವಾಯಿತು. ಕೋಟು ಇರಬೇಕಾದುದು ಮೈಮೇಲೆ, ತೋಳಮೇಲಲ್ಲ! ಎಳೆಯರಿಗೆ ವಸ್ತುವೆಲ್ಲ ತನ್ನ ತಾಣದಲ್ಲಿರಬೇಕು. ತಪ್ಪಿದರೆ ಹೇಳಿಕೊಳ್ಳಲು ಅವರಲ್ಲಿ ಮಾತಿಲ್ಲ; ಸಿಟ್ಟನ್ನು ತಡೆಯುವ ಮಿದುಳಿನ ಮುಂಭಾಗವಾದರೋ 20 ವರುಷ ದಾಟಿದ ಮೇಲೂ ಬೆಳೆಯುತ್ತಲೇ ಇರುವುದು.

ಹಾಗೆಂದು ಕೇಳಿದುದನ್ನೆಲ್ಲ ಕೊಡಬೇಕೆಂದಲ್ಲ. ಭಾಲ್ಕಿಯ ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುವಾಗ ಮಗು ಕಾದ ಹಂಚಿಗೆ ಕೈಚಾಚಿದರೆ ಮೊದಲು ಅದನ್ನು ದೂರ ಸರಿಸಬೇಕು. "ಹಂಚು ಸುಡುತ್ತದೆ, ಬೇಡ" ಎಂಬಷ್ಟೇ ಮಾತು ಸಾಕು. ಕೈಗೊಂದು ಹಿಟ್ಟಿನ ಉಂಡೆ ಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ತೀರುವುದು. ತೀರದಿದ್ದರೆ ಬಳಿಯಲ್ಲಿ ಕುಳಿತು, ದನಿ ತಗ್ಗಿಸಿ, ಕಾಯಬೇಕು. ಕಿರುಚುವ ಹೊತ್ತಿನಲ್ಲಿ ಬುದ್ಧಿವಾದ ಕಿವಿಗೆ ಹೋಗದು. ಅವ್ವ ಬೇಡವೆಂದುದನ್ನು ಮುತ್ಯಾ ಕದ್ದು ಕೊಟ್ಟರೆ, ಅತ್ತರೆ ಸಿಗುವುದೆಂಬ ಪಾಠವನ್ನು ಕೂಸು ಅಂದೇ ಕಲಿಯುವುದು. ಕೂಡುಕುಟುಂಬದಲ್ಲಿ ಇದೇ ಹೆಚ್ಚಿನ ತೊಡಕು. ಮುತ್ಯಾನಿಗೆ ಇದನ್ನು ಹೇಳುವವರಾರು ಎಂಬುದು ಬೇರೆ ಮಾತು!

1ರಿಂದ 4 ವರುಷದ ವರೆಗೆ ಇಂಥ ರಂಪ ಸಹಜ. ಆದರೆ ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಅಳುತ್ತ ಉಸಿರು ಕಟ್ಟಿ ಎಚ್ಚರ ತಪ್ಪಿದರೆ, ಬಂದಿದ್ದ ಮಾತು ನಿಂತುಹೋದರೆ ಮಕ್ಕಳ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಆ ಮದುವೆಯ ಮನೆಯಲ್ಲಿ ತಾಯಿ ಎತ್ತಿದ ಕೈಯನ್ನು ಇಳಿಸಿದಳು. ಕೂಸಿನೊಡನೆ ಪಡಸಾಲೆಗೆ ಬಂದು ಸುಮ್ಮನೆ ಕುಳಿತಳು. ಬಿಕ್ಕುತ್ತ ಬಿಕ್ಕುತ್ತ ಕೂಸು ಬೆರಳು ತೋರಿತು. ಊರಿನಿಂದ ತಂದ ಅದರ ಕೌದಿಯನ್ನು ಯಾರೋ ಬೀಗರಿಗೆ ಹಾಸಿಕೊಟ್ಟಿದ್ದರು.