ರಾಣೆಬೆನ್ನೂರಿನ ಮಳೆಗೆ ಕಡಲ ಗಾಳಿಯ ಸುಳಿವು

ರೋಹಿಣಿ ಮಳೆಗೆ ಬಿತ್ತಬೇಕೋ, ಮಿರಗದವರೆಗೆ ಕಾಯಬೇಕೋ? ರಾಣೆಬೆನ್ನೂರಿನ ಗೋವಿನಜೋಳದ ರೈತನಿಗೆ ಇದು ಪ್ರತಿ ವರ್ಷದ ಲೆಕ್ಕಾಚಾರ. ಒಂದು ಹದ ಮಳೆ ನಂಬಿ ಬಿತ್ತಿದ ಮೇಲೆ ಮೋಡ ಮುಖ ತೋರಿಸದಿದ್ದರೆ ಬೀಜ, ಗೊಬ್ಬರ, ಕೂಲಿ ಎಲ್ಲ ಮಣ್ಣುಪಾಲು. ಅದೇ ಜಿಲ್ಲೆಯ ಹಾನಗಲ್ಲು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮಳೆ ಹೆಚ್ಚು. ಮುಂಗಾರು ಗಾಳಿ ಘಟ್ಟ ಹತ್ತುವಾಗಲೇ ಬಹಳಷ್ಟು ನೀರು ಸುರಿದುಬಿಡುತ್ತದೆ. ಮೂಡಣದ ರಾಣೆಬೆನ್ನೂರಿಗೆ ಉಳಿಯುವುದು ಅಷ್ಟಿಷ್ಟು. ಹಾಗಾಗಿ ಗಾಳಿಯ ಬಲ ಕುಗ್ಗಿದರೆ ಇಲ್ಲಿ ಅದು ಬೇಗ ಗೊತ್ತಾಗುತ್ತದೆ.

ಆ ಗಾಳಿ ಬರುವುದು ಸಮಭಾಜಕ ರೇಖೆಯ ಆಚೆಯಿಂದ. ಸೊಮಾಲಿಯಾ ಕರಾವಳಿಯ ಬಳಿ ತಿರುಗಿ, ಅರಬ್ಬಿ ಸಮುದ್ರದ ತೇವ ಹೀರಿಕೊಂಡು ನಮ್ಮತ್ತ ನುಗ್ಗುತ್ತದೆ. ನಾಳಿನ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರಿಗೆ ಇವತ್ತಿನ ಹವೆ ಸರಿಯಾಗಿ ತಿಳಿದಿರಬೇಕು. ನೆಲದ ಮೇಲಾದರೆ ಮಾಪನ ಕೇಂದ್ರಗಳಿವೆ. ಕಡಲ ಮೇಲೆ ಅಲ್ಲೊಂದು ಇಲ್ಲೊಂದು ತೇಲುವ ಉಪಕರಣ, ಹಾದುಹೋಗುವ ಹಡಗು, ಅಷ್ಟೇ.

ಈ ಕೊರತೆ ತುಂಬುವ ಸಾಧನ ಸ್ಕ್ಯಾಟರೋಮೀಟರ್. ಇಸ್ರೋ 2009ರ ಸೆಪ್ಟೆಂಬರಿನಲ್ಲಿ ಓಷನ್‌ಸ್ಯಾಟ್-2, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರ ನವೆಂಬರಿನಲ್ಲಿ ಓಷನ್‌ಸ್ಯಾಟ್-3 ಉಪಗ್ರಹಗಳಲ್ಲಿ ಇದನ್ನು ಕಳಿಸಿತು. ಸುಮಾರು 720 ಕಿ.ಮೀ. ಎತ್ತರದಿಂದ ಅದು ಕಡಲಿನತ್ತ ಮೈಕ್ರೋವೇವ್ ತರಂಗ ಬಿಡುತ್ತದೆ. ತರಂಗದ ಉದ್ದ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಗಾಳಿ ಬೀಸಿದಾಗ ನೀರಿನ ಮೇಲೇಳುವ ಕಿರುಅಲೆಗಳೂ ಹೆಚ್ಚುಕಡಿಮೆ ಇದೇ ಅಳತೆಯವು. ಗಾಳಿ ಜೋರಾದಷ್ಟೂ ನೀರು ಒರಟಾಗಿ, ಉಪಗ್ರಹಕ್ಕೆ ಮರಳುವ ಸಂಕೇತ ಬಲಗೊಳ್ಳುತ್ತದೆ. ಇದರಿಂದ ವೇಗ ಸಿಕ್ಕಿತು. ದಿಕ್ಕಿಗಾಗಿ ನಿಮಿಷಕ್ಕೆ ಸುಮಾರು 20 ಸುತ್ತು ತಿರುಗುವ ಆಂಟೆನಾ ಒಂದೇ ಜಾಗವನ್ನು ಬೇರೆ ಬೇರೆ ಕೋನಗಳಿಂದ ನೋಡುತ್ತದೆ. ಹಾಗೆ ನೋಡಿದರೂ ಗಾಳಿ ಎದುರಿನದೋ ಹಿಂದಿನದೋ ಎಂಬ ಗೊಂದಲ ಉಳಿಯಬಹುದು. ಅದನ್ನು ಸುತ್ತಲಿನ ಗಾಳಿಯ ಹರಿವಿಗೆ ಹೋಲಿಸಿ ಬಗೆಹರಿಸುತ್ತಾರೆ.

ಮುಂಗಾರು ಕೇರಳಕ್ಕೆ ಬಂತೆಂದು ಹವಾಮಾನ ಇಲಾಖೆ ಘೋಷಿಸುವುದು ಮಳೆಯೊಂದನ್ನೇ ನೋಡಿ ಅಲ್ಲ. ಮಂಗಳೂರು, ಕಾಸರಗೋಡಿನ ಕೂಡ್ಲು ಸೇರಿ 14 ಕೇಂದ್ರಗಳಲ್ಲಿ ಕನಿಷ್ಠ ಶೇ. 60ರಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು. ಜೊತೆಗೆ ಕಡಲ ಮೇಲಿನ ಗೊತ್ತಾದ ಪ್ರದೇಶದಲ್ಲಿ ಪಡುವಣ ಗಾಳಿ 15–20 ನಾಟ್, ಅಂದರೆ ಗಂಟೆಗೆ ಸುಮಾರು 28–37 ಕಿ.ಮೀ. ವೇಗದಲ್ಲಿರಬೇಕು. ಗಾಳಿಗೆ ಬಲವಿಲ್ಲದೆ ಬಿದ್ದ ಮಳೆ ಮುಂಗಾರು ಎನಿಸಿಕೊಳ್ಳದು.

ಬಂಗಾಳ ಕೊಲ್ಲಿಯಲ್ಲಿ ಸುಳಿಗಾಳಿ ಎದ್ದರೂ ಸ್ಕ್ಯಾಟರೋಮೀಟರಿನ ಅಳತೆ ನೆರವಾಗುತ್ತದೆ. ಗಾಳಿ ವೃತ್ತಾಕಾರವಾಗಿ ಕೂಡಿಕೊಳ್ಳುತ್ತಿದೆಯೇ, ಕೇಂದ್ರ ಎಲ್ಲಿದೆ ಎಂಬುದು ನಕ್ಷೆಯಲ್ಲಿ ಕಾಣುತ್ತದೆ. ಬ್ಯಾಡಗಿ ಸೀಮೆಯಲ್ಲಿ ಕಳದ ಮೇಲೆ ಹರವಿದ ಮೆಣಸಿನಕಾಯಿ ಇಂಥ ಸುಳಿಗಾಳಿ ತರುವ ಅಕಾಲಿಕ ಮಳೆಗೆ ನೆನೆದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ತಾಡಪತ್ರಿ ಹೊಂದಿಸಲು ಎರಡು ದಿನ ಮೊದಲೇ ಸುದ್ದಿ ಸಿಕ್ಕರೂ ಸಾಕು.

ಮಿತಿಗಳೂ ಉಂಟು. ಅಳತೆಯ ಚೌಕ ಸುಮಾರು 25 ಕಿ.ಮೀ. ಅಗಲದ್ದು, ಜೋರು ಮಳೆಹನಿಗಳು ಸಂಕೇತವನ್ನೇ ಕೆಡಿಸುತ್ತವೆ, ನೆಲದ ಮೇಲೆ ಏಳುವ ಗುಡುಗಿನ ಮೋಡ ಇದಕ್ಕೆ ಸಿಗದು. "ನಮ್ಮ ಹೊಲಕ್ಕೆ ಇವತ್ತು ಮಳೆ ಬರುತ್ತದೆಯೇ" ಎಂದರೆ ಉಪಗ್ರಹದ ಬಳಿ ಉತ್ತರವಿಲ್ಲ. "ಈ ವಾರ ಮುಂಗಾರಿಗೆ ಬಲವಿದೆಯೇ" ಎಂಬುದಕ್ಕೆ ಮುನ್ಸೂಚನೆ ಉತ್ತರ ಕೊಡಬಲ್ಲದು. ಬಿತ್ತುವ ಮೊದಲು ಮಣ್ಣಿನ ಹಸಿಯ ಜೊತೆಗೆ ನೋಡಬೇಕಾದದ್ದು ಇದನ್ನೇ.