ಮುಖವಿದೆ, ಹೆಸರೆಲ್ಲಿ?

ಈ ಹೊತ್ತು ಭಾವಚಿತ್ರಗಳ ವಿಚಾರವಾಗಿ ನಾಲ್ಕು ಮಾತು. ಭಾವಚಿತ್ರ ಎಂದರೆ ನೋಡಿದವರು 'ಇವರು ಇಂಥವರು' ಎಂದು ಗುರುತು ಹಿಡಿಯುವಂತೆ ಬರೆದ ಮನುಷ್ಯನ ಚಿತ್ರ. ಸಾನಮಾವಿನಿಂದ ಹೊಸೂರಿಗೆ ಹೋಗಿ ಬನ್ನಿ, ದಾರಿಯುದ್ದಕ್ಕೂ ಗೋಡೆ, ಕಂಬಗಳ ಮೇಲೆಲ್ಲ ಮುಖಗಳೇ. ಆದರೆ ಸಾಮಾನ್ಯ ಮನುಷ್ಯನ ಮುಖ ಅವನು ಹೋದ ಮೇಲೂ ಇದ್ದ ಹಾಗೇ ಉಳಿಯತೊಡಗಿದ್ದು ಬಹಳ ಹಿಂದಿನ ಮಾತಲ್ಲ.

ನಮ್ಮ ಸೀಮೆಯ ಹಳೆಯ 'ಭಾವಚಿತ್ರ' ಯಾವುದು ಗೊತ್ತೇ? ವೀರಗಲ್ಲು. ತಮಿಳಿನಲ್ಲಿ ನಡುಕಲ್ ಅನ್ನುತ್ತಾರೆ. ಕೃಷ್ಣಗಿರಿ, ಧರ್ಮಪುರಿ ಕಡೆ ಹೊಲದ ಬದುವಿನಲ್ಲಿ, ಮರದ ಬುಡದಲ್ಲಿ ಬೇಕಾದಷ್ಟಿವೆ. ಕೆಲವು ಊರುಗಳಲ್ಲಿ ವೇಡಿಯಪ್ಪ ಎಂದು ಪೂಜೆಯೂ ಆಗುತ್ತದೆ. ದನ ಬಿಡಿಸಲು ಹೋಗಿ ಸತ್ತವನು, ಊರು ಕಾಯುತ್ತ ಸತ್ತವನು, ಹುಲಿಯೊಡನೆ ಹೋರಾಡಿ ಸತ್ತವನು, ಇಂಥವರಿಗೆ ನಿಲ್ಲಿಸಿದ ಕಲ್ಲುಗಳು ಅವು. ಹತ್ತು ಕಲ್ಲು ನೋಡಿದರೆ ಹತ್ತರಲ್ಲೂ ಮುಖ ಹೆಚ್ಚುಕಡಿಮೆ ಒಂದೇ. ಶಿಲ್ಪಿಗೆ ಮೂಗು ಹೇಗಿತ್ತು ಎಂಬುದು ಮುಖ್ಯವಲ್ಲ, ಆ ಮನುಷ್ಯ ಏನು ಮಾಡಿದ ಎಂಬುದು ಮುಖ್ಯ. ಬರಹವಿರುವ ಕಲ್ಲಾದರೆ ಹೆಸರೂ ಸಿಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ ಕೇಳಿ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ, ಅಂದರೆ ಈಗಿನ ತಮಿಳುನಾಡಿನಲ್ಲೇ, ಚೋಳರಿಗೂ ರಾಷ್ಟ್ರಕೂಟರಿಗೂ ಯುದ್ಧವಾಯಿತು. ಅದರಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬವನು ತನ್ನ ಒಡೆಯ ಗಂಗರ ಬೂತುಗನಲ್ಲಿ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಒಂದು ನಾಯಿಯನ್ನು! ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಹಂದಿಯ ಮೇಲೆ ಬಿದ್ದ ಅದರ ಚಿತ್ರ ಕೆತ್ತಿಸಿ, ಕನ್ನಡದಲ್ಲಿ ಹೆಸರನ್ನೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ನಾಯಿಯ ಹೆಸರು ಸಾವಿರ ವರ್ಷ ದಾಟಿ ಬಂದಿದೆ, ನೋಡಿ.

ವಿಜಯನಗರದ ಕಾಲಕ್ಕೆ ಬಂದರೆ, ತಿರುಪತಿ ಬೆಟ್ಟಕ್ಕೆ ಹೋದವರು ದೇವಸ್ಥಾನದ ಒಳಗೆ ಕೈಮುಗಿದು ನಿಂತ ಕೃಷ್ಣದೇವರಾಯನನ್ನೂ ಇಬ್ಬರು ರಾಣಿಯರನ್ನೂ ನೋಡಿರುತ್ತೀರಿ. ಲೇಪಾಕ್ಷಿಯ ಮೇಲ್ಛಾವಣಿಯಲ್ಲಿ ಆ ಗುಡಿ ಕಟ್ಟಿಸಿದ ವಿರುಪಣ್ಣ ಮತ್ತು ಅವನ ತಮ್ಮ ವೀರಣ್ಣ ಎತ್ತರದ ಕುಲಾವಿ ಹಾಕಿಕೊಂಡು ಪರಿವಾರದೊಡನೆ ನಿಂತಿದ್ದಾರೆ. ಅಲ್ಲಿಯೂ ಗುರುತು ಹಿಡಿಯುವುದು ಉಡುಗೆ ನೋಡಿ, ನಿಂತ ಜಾಗ ನೋಡಿ.

ಹಾಗಾದರೆ ಮುಖವನ್ನು ಇದ್ದಂತೆ ಬರೆಯುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ರೋಮನ್ನರ ಆಳ್ವಿಕೆಯಲ್ಲಿದ್ದ ಈಜಿಪ್ಟಿನಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ, ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಜೇನುಮೇಣ ಕೂಡಿದ ಬಣ್ಣದಲ್ಲಿ ಬರೆದು ಹೆಣದ ಮುಖಕ್ಕೆ ಕಟ್ಟುತ್ತಿದ್ದರು. ಇವತ್ತು ನೋಡಿದರೂ ಪಕ್ಕದ ಮನೆಯವರಂತೆ ಕಾಣುತ್ತಾರೆ. ಹೆಸರು ಮಾತ್ರ ಹೆಚ್ಚಿನವರದು ಉಳಿದಿಲ್ಲ.

ನಮ್ಮ ಕಡೆಗೆ ಎಣ್ಣೆಬಣ್ಣದ ಭಾವಚಿತ್ರ ಬಂದದ್ದು ಇಂಗ್ಲಿಷರ ಜೊತೆ. ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರ 1799ರ ಯುದ್ಧದ ಸಮಯಕ್ಕೆ ಸೈನ್ಯದ ಬೆನ್ನಿಗೇ ಬಂದ. ಟಿಪ್ಪುವಿನ ಮಕ್ಕಳನ್ನು ಬರೆದ, ದಿವಾನ್ ಪೂರ್ಣಯ್ಯನವರನ್ನು ಬರೆದ. 1805ರಲ್ಲಿ ಅವನು ಬರೆದ ಒಂದು ಚಿತ್ರದಲ್ಲಿ ಒಡವೆ ತೊಟ್ಟ ಮೂವರು ಹೆಂಗಸರಿದ್ದಾರೆ. ಬಲಗಡೆಯವಳು ಸೆರಗು ಸರಿಸಿ ಎಡತೋಳನ್ನು ತೋರಿಸುತ್ತಿದ್ದಾಳೆ. ಇವರು ನಾಟ್ಯದವರಿರಬೇಕು ಎಂದು ಬಹುಕಾಲ ನಂಬಿದ್ದರು. ಆಮೇಲೆ ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಬೇರೆಯೇ ಉತ್ತರ ಕೊಟ್ಟರು. ಅವರ ಪ್ರಕಾರ ತೋಳು ತೋರಿಸುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಅಲ್ಲಿಯೇ ಅವಳಿಗೆ ಸಿಡುಬಿನ ದಾಕು ಹಾಕಿದ್ದು. ಎಡಗಡೆ ಹಿರಿಯ ರಾಣಿ, ನಡುವೆ ರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ. ದಾಕು ನಮ್ಮ ದೇಶಕ್ಕೆ ಬಂದದ್ದೇ 1802ರಲ್ಲಿ, ಜನಕ್ಕೆ ಭಯ. ಅರಮನೆಯವರೇ ಹಾಕಿಸಿಕೊಂಡಿದ್ದಾರೆ ಎಂದು ತೋರಿಸಲು ಬರೆಸಿದ ಚಿತ್ರವಿದು ಎಂಬುದು ಅವರ ವಾದ. ನನಗಂತೂ ಒಪ್ಪುವ ಮಾತು ಅನ್ನಿಸುತ್ತದೆ. ಕಣ್ಣು, ಮೂಗು, ಒಡವೆ ಒಂದೂ ಮಾಸಿರಲಿಲ್ಲ. ಹೆಸರು ತಪ್ಪಿಹೋದದ್ದರಿಂದ ರಾಣಿಯರು ಇನ್ನಾರೋ ಆಗಿಬಿಟ್ಟಿದ್ದರು.

ಮುಂದೆ 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ರಾಜಾ ರವಿವರ್ಮರನ್ನು ಕರೆಸಿ ಭಾವಚಿತ್ರಗಳನ್ನು ಬರೆಸಿದರು. ಅವರ ಕೆಲವು ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ನಮ್ಮ ನೆರೆಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಭಾವಚಿತ್ರವೂ 1978ರಲ್ಲಿ ದೆಹಲಿಯ ಸಂಸತ್ ಭವನದ ಸೆಂಟ್ರಲ್ ಹಾಲಿಗೇರಿತು. ಕುಂಚದ ಭಾವಚಿತ್ರ ಬಹುಮಟ್ಟಿಗೆ ದೊಡ್ಡವರದೇ. ದಿನಗಟ್ಟಲೆ ಕೂರಲು ಬಿಡುವು ಬೇಕು, ಕೊಡಲು ಹಣ ಬೇಕು. ರಾಗಿ ಕಳೆ ಕೀಳುವವಳಿಗೆ ಎರಡೂ ಎಲ್ಲಿಂದ ಬರಬೇಕು?

ಅವಳ ಮುಖ ಉಳಿಸಿದ್ದು ಫೋಟೋ ಸ್ಟುಡಿಯೋ. ಮದುವೆಯ ಗುಂಪಿನ ಫೋಟೋದಲ್ಲಿದ್ದ ಹೆಬ್ಬೆರಳುಗಾತ್ರದ ಮುಖವನ್ನು ದೊಡ್ಡದು ಮಾಡಿ, ತಲೆಗೂದಲಿಗೆ ಕಪ್ಪು ತಿದ್ದಿ, ಹಣೆಗೆ ಕುಂಕುಮ ಇಟ್ಟು, ಸೀರೆಗೆ ಕೈಯಲ್ಲೇ ಬಣ್ಣ ಹಾಕಿ ಕಟ್ಟು ಹಾಕಿಸಿಕೊಡುತ್ತಿದ್ದರು. ಅದೂ ಒಂದು ಚಿತ್ರಕಲೆಯೇ, ಕಡೆಗಣಿಸುವಂಥದ್ದಲ್ಲ. ಈಗ ಆಧಾರ್ ಕಾರ್ಡಿನ ಮುಖವನ್ನೇ ಹಿಗ್ಗಿಸಿ 'ಕಣ್ಣೀರ್ ಅಂಜಲಿ' ಬ್ಯಾನರ್ ಕಟ್ಟುತ್ತಾರೆ. ಅದರಲ್ಲಿ ಹೆಸರೂ ಇರುತ್ತದೆ, ನಿಜ. ತಿಂಗಳು ಕಳೆದರೆ ಬ್ಯಾನರ್ ಹುಲ್ಲಿನ ಬಣವೆಗೆ ಹೊದಿಕೆ.

ಟ್ರಂಕಿನಲ್ಲಿರುವ ಹಳೆಯ ಫೋಟೋ ಹಿಂದೆ ತಿರುಗಿಸಿ ನೋಡಿ, ಹೆಚ್ಚಾಗಿ ಖಾಲಿ. ಮನೆಯಲ್ಲಿ 'ಇವಳು ನಮ್ಮ ದೊಡ್ಡಮ್ಮ, ಇವನು ಅವಳ ಮೈದುನ' ಎಂದು ಬೆರಳಿಟ್ಟು ಹೇಳುವ ಅಜ್ಜಿ ಇನ್ನೂ ಇದ್ದರೆ, ಈ ಭಾನುವಾರವೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಾಲ್ ಪೆನ್ ಬೇಡ, ಅದು ಒತ್ತಿ ಮುಖದ ಕಡೆ ಗೆರೆ ಮೂಡಿಸುತ್ತದೆ. ಮೆತ್ತನೆಯ ಪೆನ್ಸಿಲ್ ಹಿಡಿದು ಹಗುರವಾಗಿ ಹೆಸರು, ಊರು, ಯಾರ ಮಗಳು ಎಂದು ಬರೆಯಿರಿ. ಮೊಮ್ಮಕ್ಕಳು ಓದುವುದು ತಮಿಳು ಶಾಲೆಯಲ್ಲಾದರೆ ಕನ್ನಡದ ಕೆಳಗೆ ತಮಿಳಿನಲ್ಲೂ ಒಂದು ಸಾಲು ಬರೆಯಿರಿ.